ರಕ್ತದ ಡಯಾಲಿಸಿಸೋ, ಹೊಟ್ಟೆಯ ಡಯಾಲಿಸಿಸೋ: ವಾರದ ಲೆಕ್ಕ ಹಿಡಿದು ಒಂದು ಹೋಲಿಕೆ

ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿವೆ, ಇನ್ನು ಡಯಾಲಿಸಿಸ್ ಆಗಬೇಕು ಎಂದು ವೈದ್ಯರು ಹೇಳಿದ ದಿನ ಮನೆಯವರು ಕೇಳುವ ಮೊದಲ ಪ್ರಶ್ನೆ ಎಷ್ಟು ವರ್ಷ ಬದುಕುತ್ತಾರೆ ಎಂಬುದು, ಎರಡನೆಯದು ಎಷ್ಟು ಖರ್ಚಾಗುತ್ತದೆ ಎಂಬುದು. ಯಾವ ಬಗೆಯ ಡಯಾಲಿಸಿಸ್ ಎಂಬ ಪ್ರಶ್ನೆ ಹೆಚ್ಚಿನ ಮನೆಗಳಲ್ಲಿ ಏಳುವುದೇ ಇಲ್ಲ. ಡಯಾಲಿಸಿಸ್ ಎಂದರೆ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಯಂತ್ರದ ಪಕ್ಕದಲ್ಲಿ ಮಲಗುವುದು ಎಂದೇ ನಮ್ಮಲ್ಲಿ ಬಹುತೇಕರ ತಿಳಿವಳಿಕೆ. ಮನೆಯಲ್ಲೇ, ಯಂತ್ರವಿಲ್ಲದೆ, ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಇನ್ನೊಂದು ಬಗೆ ಇದೆ ಎಂಬುದು ನಮಗೂ ತಿಳಿದಿರಲಿಲ್ಲ.

ನನ್ನ ಭಾವನವರು ಒಂದೂವರೆ ವರ್ಷ ರಕ್ತದ ಡಯಾಲಿಸಿಸ್ ಮಾಡಿಸಿಕೊಂಡು, ಆಮೇಲೆ ಹೊಟ್ಟೆಯ ಡಯಾಲಿಸಿಸ್‌ಗೆ ಬದಲಾದವರು. ಮಲೆನಾಡಿನ ಒಳ ಊರು, ಅಡಿಕೆ ತೋಟದ ಮನೆ, ಆಸ್ಪತ್ರೆಗೆ 60 ಕಿಲೋಮೀಟರ್. ಎರಡೂ ಬಗೆಯನ್ನು ಒಬ್ಬರ ದೇಹದಲ್ಲೇ, ಒಂದೇ ಮನೆಯಲ್ಲೇ ನೋಡಿದ ಮೇಲೆ ನನಗೆ ಮನವರಿಕೆಯಾದದ್ದು ಇಷ್ಟು: ಯಾವ ಚಿಕಿತ್ಸೆ ಮೇಲು ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಯಾವುದು ನಮ್ಮ ಮನೆಯ ವಾರಕ್ಕೆ ಹೊಂದುತ್ತದೆ ಎಂದು ಕೇಳಿದರೆ ಸಿಗುತ್ತದೆ.

ಎರಡರ ಕೆಲಸದ ರೀತಿ

ರಕ್ತದ ಡಯಾಲಿಸಿಸ್‌ನಲ್ಲಿ, ಅಂದರೆ ಹೀಮೋಡಯಾಲಿಸಿಸ್‌ನಲ್ಲಿ, ನಿಮಿಷಕ್ಕೆ ಸುಮಾರು 250ರಿಂದ 350 ಮಿಲಿಲೀಟರ್ ರಕ್ತವನ್ನು ಹೊರತೆಗೆದು ಡಯಾಲೈಸರ್ ಎಂಬ ಕೊಳವೆಯ ಮೂಲಕ ಹಾಯಿಸಿ, ಶುದ್ಧವಾದ ಮೇಲೆ ದೇಹಕ್ಕೆ ಹಿಂತಿರುಗಿಸುತ್ತಾರೆ. ಆ ಕೊಳವೆಯೊಳಗೆ ಕೂದಲೆಳೆಯಂಥ ಸಾವಿರಾರು ಟೊಳ್ಳು ಎಳೆಗಳಿರುತ್ತವೆ. ಎಳೆಯ ಒಳಗೆ ರಕ್ತ, ಹೊರಗೆ ಡಯಾಲಿಸಿಸ್ ದ್ರವ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಒಂದು ಸಲಕ್ಕೆ ಸುಮಾರು 120 ಲೀಟರ್ ದ್ರವ ಆ ಎಳೆಗಳ ಹೊರಮೈಯನ್ನು ತೊಳೆದು ಹೋಗುತ್ತದೆ ಎಂದರೆ, ಕೇಂದ್ರದ ನೀರು ಶುದ್ಧೀಕರಣ ಘಟಕ ಸರಿಯಿರುವುದು ಯಂತ್ರ ಸರಿಯಿರುವಷ್ಟೇ ಮುಖ್ಯ ಎಂಬುದು ಅರ್ಥವಾಗುತ್ತದೆ.

ಹೊಟ್ಟೆಯ ಡಯಾಲಿಸಿಸ್‌ನಲ್ಲಿ ರಕ್ತ ದೇಹದಿಂದ ಹೊರಗೆ ಬರುವುದೇ ಇಲ್ಲ. ಕರುಳನ್ನು ಸುತ್ತುವರಿದಿರುವ ಪೆರಿಟೋನಿಯಂ ಎಂಬ ಪೊರೆಯೇ ಇಲ್ಲಿ ಜರಡಿ. ಹೊಕ್ಕುಳ ಪಕ್ಕದಲ್ಲಿ ಶಾಶ್ವತವಾಗಿ ಕೂಡಿಸಿದ ಮೆತ್ತನೆಯ ನಳಿಕೆಯ ಮೂಲಕ ಎರಡು ಲೀಟರ್ ದ್ರವವನ್ನು ಹೊಟ್ಟೆಯೊಳಗೆ ಇಳಿಸಿ, ನಾಲ್ಕರಿಂದ ಆರು ಗಂಟೆ ಬಿಟ್ಟು, ಹೊರತೆಗೆದು, ಹೊಸದನ್ನು ತುಂಬಿಕೊಳ್ಳಬೇಕು. ದ್ರವದಲ್ಲಿರುವ ಗ್ಲುಕೋಸ್ ದೇಹದ ಹೆಚ್ಚುವರಿ ನೀರನ್ನು ಸೆಳೆದುಕೊಳ್ಳುತ್ತದೆ, ಕಲ್ಮಶ ಪೊರೆಯ ಮೂಲಕ ಸೋಸಿ ಬರುತ್ತದೆ. ಕೈಯಿಂದಲೇ ದಿನಕ್ಕೆ ಮೂರು ನಾಲ್ಕು ಸಲ ಚೀಲ ಬದಲಿಸುವ ಬಗೆಗೆ ಸಿಎಪಿಡಿ ಎಂದೂ, ರಾತ್ರಿ ಎಂಟು ಹತ್ತು ಗಂಟೆ ನಿದ್ದೆಯಲ್ಲಿರುವಾಗ ಸೈಕ್ಲರ್ ಎಂಬ ಯಂತ್ರವೇ ಬದಲಿಸುವ ಬಗೆಗೆ ಎಪಿಡಿ ಎಂದೂ ಹೆಸರು. ಸಿಎಪಿಡಿಗೆ ವಿದ್ಯುತ್ ಬೇಡ, ಎತ್ತರದಲ್ಲಿ ತೂಗುಹಾಕಿದ ಚೀಲದಿಂದ ದ್ರವ ತಾನಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟಿಲ್ಲದ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಆಯಸ್ಸಿನ ಮಟ್ಟಿಗೆ ಎರಡಕ್ಕೂ ದೊಡ್ಡ ಅಂತರವಿಲ್ಲ ಎಂಬುದು ಹಲವು ದೇಶಗಳ ಅನುಭವ. ಹಾಂಗ್‌ಕಾಂಗ್ 1985ರಿಂದಲೂ ಹೊಟ್ಟೆಯ ಡಯಾಲಿಸಿಸನ್ನೇ ಮೊದಲ ಆಯ್ಕೆಯಾಗಿ ನೀಡುತ್ತ ಬಂದಿದೆ. ಥಾಯ್ಲೆಂಡ್ 2008ರಲ್ಲಿ ಅದೇ ನೀತಿಯನ್ನು ತಂದು, 2022ರಲ್ಲಿ ಆಯ್ಕೆಯನ್ನು ರೋಗಿಗೆ ಮತ್ತು ವೈದ್ಯರಿಗೆ ಬಿಟ್ಟಿತು. ನಮ್ಮಲ್ಲಿ ಬಹುಪಾಲು ಎಲ್ಲರೂ ರಕ್ತದ ಡಯಾಲಿಸಿಸ್‌ನಲ್ಲೇ ಇದ್ದಾರೆಂದರೆ ಅದಕ್ಕೆ ವೈದ್ಯಕೀಯ ಕಾರಣಕ್ಕಿಂತ ವ್ಯವಸ್ಥೆಯ ಕಾರಣವೇ ಹೆಚ್ಚು.

ವಾರದಲ್ಲಿ ಎಷ್ಟು ಗಂಟೆ, ಯಾವ ಗಂಟೆ

ಒಂದು ಹಾಳೆ ತೆಗೆದುಕೊಂಡು ವಾರದ ಲೆಕ್ಕ ಬರೆಯಿರಿ. ಭಾವನವರದು ಹೀಗಿತ್ತು. ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಎಂಟಕ್ಕೆ ಆಸ್ಪತ್ರೆ. ತೂಕ, ಬಿಪಿ, ಸೂಜಿ ಎಲ್ಲ ಮುಗಿದು ಯಂತ್ರ ಶುರುವಾಗುವಾಗ ಎಂಟೂಮುಕ್ಕಾಲು. ಬಿಡುಗಡೆಯಾಗಿ ಸೂಜಿ ತೆಗೆದ ಜಾಗ ಒತ್ತಿ ಹಿಡಿದು ರಕ್ತ ನಿಲ್ಲಿಸುವಷ್ಟರಲ್ಲಿ ಒಂದು ಗಂಟೆ ದಾಟುತ್ತಿತ್ತು. ಮನೆ ಮುಟ್ಟುವಾಗ ಮೂರೂವರೆ. ದಿನಕ್ಕೆ ಒಂಬತ್ತೂವರೆ ಗಂಟೆ, ವಾರಕ್ಕೆ ಇಪ್ಪತ್ತೆಂಟೂವರೆ. ಜೊತೆಗೆ ಹೋಗುವವರದೂ ಅಷ್ಟೇ. ಆಸ್ಪತ್ರೆಯ ಪಕ್ಕದ ಬೀದಿಯಲ್ಲಿ ಮನೆಯಿರುವವರಿಗೆ ಇದೇ ಲೆಕ್ಕ ವಾರಕ್ಕೆ ಹದಿನೈದು ಹದಿನಾರು ಗಂಟೆಗೆ ಇಳಿಯುತ್ತದೆ.

ಸಿಎಪಿಡಿಯಲ್ಲಿ ಒಂದು ಸಲದ ಬದಲಾವಣೆಗೆ ಮೂವತ್ತರಿಂದ ನಲವತ್ತು ನಿಮಿಷ ಬೇಕು. ದಿನಕ್ಕೆ ನಾಲ್ಕು ಸಲವೆಂದರೆ ವಾರಕ್ಕೆ ಸುಮಾರು ಹದಿನಾರು ಗಂಟೆ, ಮೂರು ಸಲವೆಂದರೆ ಹನ್ನೆರಡು. ಅಂದರೆ ಪೇಟೆಯವರಿಗೆ ಎರಡರ ಗಂಟೆಗಳೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಆ ಗಂಟೆಗಳು ಹಂಚಿಕೊಂಡಿರುವ ರೀತಿಯಲ್ಲಿ. ರಕ್ತದ ಡಯಾಲಿಸಿಸ್ ಮೂರು ದಿನವನ್ನು ಪೂರ್ತಿ ನುಂಗಿ ನಾಲ್ಕು ದಿನವನ್ನು ಬಿಟ್ಟುಕೊಡುತ್ತದೆ. ಹೊಟ್ಟೆಯ ಡಯಾಲಿಸಿಸ್ ಯಾವ ದಿನವನ್ನೂ ಪೂರ್ತಿ ಕೇಳುವುದಿಲ್ಲ, ಆದರೆ ಯಾವ ದಿನವನ್ನೂ ಪೂರ್ತಿ ಬಿಡುವುದೂ ಇಲ್ಲ. ದೀಪಾವಳಿಯ ದಿನವೂ, ಮಗಳ ಮದುವೆಯ ದಿನವೂ ಚೀಲ ಬದಲಿಸಲೇಬೇಕು. ಕೆಲವರಿಗೆ ನಾಲ್ಕು ದಿನ ಕಾಯಿಲೆಯನ್ನು ಮರೆತಿರಬಹುದೆಂಬುದೇ ದೊಡ್ಡ ನೆಮ್ಮದಿ. ಇನ್ನು ಕೆಲವರಿಗೆ, ನಮ್ಮ ಭಾವನವರಂತೆ, ಬೆಳಗಿನ ಚೀಲ ಮುಗಿಸಿ ತೋಟಕ್ಕೆ ಹೋಗಿ ಮಧ್ಯಾಹ್ನ ಊಟಕ್ಕೆ ಬಂದಾಗ ಇನ್ನೊಂದು ಮಾಡಿಕೊಂಡರಾಯಿತು ಎಂಬ ಸ್ವಾತಂತ್ರ್ಯ ದೊಡ್ಡದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ವಾರದಲ್ಲಿ, ಆಳು ಸಿಕ್ಕ ದಿನವೇ ಡಯಾಲಿಸಿಸ್ ದಿನವೂ ಆಗಿ, ಮಂಚದ ಮೇಲಿಂದಲೇ ಫೋನಿನಲ್ಲಿ ತೋಟ ನೋಡಿಕೊಂಡವರು ಅವರು.

ಈ ಲೆಕ್ಕಕ್ಕೆ ಸೇರದ ಇನ್ನೊಂದು ಹೊತ್ತಿದೆ. ನಾಲ್ಕು ಗಂಟೆಯಲ್ಲಿ ಎರಡು ಮೂರು ಲೀಟರ್ ನೀರು ತೆಗೆದ ದೇಹ ಅಂದು ಸಂಜೆಯೆಲ್ಲ ಬಸವಳಿದಿರುತ್ತದೆ. ಬಿಪಿ ಇಳಿದು ಕಣ್ಣು ಕತ್ತಲಿಡುವುದು, ಕಾಲಿನ ಮೀನಖಂಡ ಸೆಳೆತ ಹಿಡಿಯುವುದು, ತಲೆನೋವು ಇವೆಲ್ಲ ರಕ್ತದ ಡಯಾಲಿಸಿಸ್‌ನವರಿಗೆ ಪರಿಚಿತ. ಕೆಲವರು ಎರಡು ಗಂಟೆ ಮಲಗೆದ್ದರೆ ಸರಿಹೋಗುತ್ತಾರೆ, ಕೆಲವರಿಗೆ ಮರುದಿನ ಬೆಳಗಿನ ತನಕ ಬೇಕು. ಈಗಾಗಲೇ ಅಲ್ಲಿರುವ ಒಬ್ಬ ರೋಗಿಯನ್ನು ಕೇಳುವುದಾದರೆ, ಮುಗಿದ ಮೇಲೆ ಎಷ್ಟು ಹೊತ್ತಿಗೆ ನೀವು ಮೊದಲಿನಂತಾಗುತ್ತೀರಿ ಎಂಬುದನ್ನೇ ಕೇಳಿ. ಹೊಟ್ಟೆಯ ಡಯಾಲಿಸಿಸ್ ದಿನವಿಡೀ ನಿಧಾನವಾಗಿ ನಡೆಯುವುದರಿಂದ ಈ ಏರಿಳಿತ ಕಡಿಮೆ. ದುರ್ಬಲ ಹೃದಯದವರಿಗೆ ವೈದ್ಯರು ಇದನ್ನು ಸೂಚಿಸುವುದಕ್ಕೆ ಇದೂ ಒಂದು ಕಾರಣ.

ತಟ್ಟೆ ಮತ್ತು ಲೋಟ

ಜೀವನದ ಗುಣಮಟ್ಟ ಎಂಬ ದೊಡ್ಡ ಮಾತು ಮನೆಯಲ್ಲಿ ಕೊನೆಗೆ ಬಂದು ನಿಲ್ಲುವುದು ನೀರಿನ ಲೋಟದ ಹತ್ತಿರ. ರಕ್ತದ ಡಯಾಲಿಸಿಸ್‌ನಲ್ಲಿರುವವರಿಗೆ ಹಿಂದಿನ ದಿನದ ಮೂತ್ರದ ಪ್ರಮಾಣಕ್ಕೆ ಅರ್ಧ ಲೀಟರ್ ಸೇರಿಸಿ ಅಷ್ಟೇ ಕುಡಿಯಿರಿ ಎಂದು ಹೇಳುವುದುಂಟು. ಮೂತ್ರ ಪೂರ್ತಿ ನಿಂತವರಿಗೆ ಆ ಅರ್ಧ ಲೀಟರೇ ದಿನದ ಲೆಕ್ಕ, ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ. ಕೇಂದ್ರದ ಬಾಗಿಲಲ್ಲಿರುವ ತೂಕದ ಯಂತ್ರಕ್ಕೆ ಸುಳ್ಳು ಹೇಳಲಾಗುವುದಿಲ್ಲ: ಒಣ ತೂಕ, ಅಂದರೆ ಹೆಚ್ಚುವರಿ ನೀರಿಲ್ಲದಾಗಿನ ತೂಕ, 58 ಕಿಲೋ ಇದ್ದವರು 61 ತೋರಿಸಿದರೆ ಮೂರು ಲೀಟರ್ ಒಳಗಿದೆ ಎಂದೇ ಅರ್ಥ. ಭಾವನವರು ಚಪ್ಪಲಿ ಬಿಟ್ಟು, ಕಿಸೆಯ ಮೊಬೈಲು ಅಕ್ಕನ ಕೈಗೆ ಕೊಟ್ಟು, ಪರೀಕ್ಷೆಗೆ ನಿಂತ ಹುಡುಗನಂತೆ ಅದರ ಮೇಲೆ ನಿಲ್ಲುತ್ತಿದ್ದುದು ಇನ್ನೂ ನೆನಪಿದೆ.

ಪೊಟ್ಯಾಸಿಯಂ ಇನ್ನೊಂದು ಕಟ್ಟುಪಾಡು. ರಕ್ತದ ಡಯಾಲಿಸಿಸ್‌ನಲ್ಲಿ ಎರಡು ದಿನದ ಬಿಡುವು ಬೀಳುವ ವಾರಾಂತ್ಯವೇ ಹೆಚ್ಚು ಅಪಾಯದ ಸಮಯ. ಎಳನೀರು, ಬಾಳೆಹಣ್ಣು, ಟೊಮೆಟೊ ತಿಳಿಸಾರು, ಒಣಹಣ್ಣು ಇವುಗಳ ಮೇಲೆ ಹಿಡಿತವಿಲ್ಲದಿದ್ದರೆ ಹೃದಯದ ಬಡಿತವೇ ತಪ್ಪಬಹುದು. ತರಕಾರಿ ಹೆಚ್ಚಿ ಬೇಯಿಸಿ ಆ ನೀರನ್ನು ಚೆಲ್ಲುವುದು ಇದಕ್ಕಾಗಿಯೇ. ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಪೊಟ್ಯಾಸಿಯಂ ದಿನವೂ ಹೊರಹೋಗುವುದರಿಂದ ಹಣ್ಣು ತರಕಾರಿಗೆ ಬಹಳಷ್ಟು ಸಡಿಲವಿರುತ್ತದೆ, ಕೆಲವರಿಗೆ ಬಾಳೆಹಣ್ಣು ತಿನ್ನಿ ಎಂದೇ ಹೇಳಬೇಕಾಗುತ್ತದೆ. ಆದರೆ ಅಲ್ಲಿ ಬೇರೆ ಲೆಕ್ಕವಿದೆ: ದ್ರವದ ಸಕ್ಕರೆ ರಕ್ತಕ್ಕೆ ಸೇರಿ ತೂಕ ಏರುತ್ತದೆ, ಮಧುಮೇಹಿಗಳ ಇನ್ಸುಲಿನ್ ಪ್ರಮಾಣ ಬದಲಾಗುತ್ತದೆ, ದಿನಕ್ಕೆ ಐದರಿಂದ ಹತ್ತು ಗ್ರಾಂ ಪ್ರೋಟೀನ್ ದ್ರವದೊಂದಿಗೆ ಹೊರಟುಹೋಗುತ್ತದೆ. ಮೊಟ್ಟೆ, ಮೀನು ತಿನ್ನುವವರಿಗೆ ಇದನ್ನು ತುಂಬಿಕೊಳ್ಳುವುದು ಸುಲಭ. ಶುದ್ಧ ಸಸ್ಯಾಹಾರದ ಮನೆಗಳಲ್ಲಿ ಆಹಾರತಜ್ಞರ ಜೊತೆ ಕೂತು ಯೋಚಿಸಬೇಕಾದ ವಿಷಯ. ಎರಡು ಲೀಟರ್ ಹೊಟ್ಟೆಯಲ್ಲಿಟ್ಟುಕೊಂಡು ಹಸಿವು ಕಡಿಮೆಯಾಗುವುದೂ ಉಂಟು.

ಇಲ್ಲಿ ಪ್ರಸಂಗವಶಾತ್ ಒಂದು ಎಚ್ಚರಿಕೆ: ಕರಾವಳಿ ಮಲೆನಾಡಿನ ಹಿತ್ತಿಲುಗಳಲ್ಲಿ ಬೆಳೆಯುವ, ಉಪ್ಪಿನಕಾಯಿಗೂ ಸಾರಿಗೂ ಹಾಕುವ ಧಾರೆಹುಳಿಯನ್ನು ಕಿಡ್ನಿ ಕೆಟ್ಟವರು, ಯಾವ ಡಯಾಲಿಸಿಸ್‌ನಲ್ಲೇ ಇರಲಿ, ಮುಟ್ಟಲೇಬಾರದು. ಅದರಲ್ಲಿರುವ ವಿಷಾಂಶವನ್ನು ಹೊರಹಾಕಲು ಕಿಡ್ನಿಯಿಲ್ಲದೆ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಸಾವಿನ ತನಕ ಹೋಗಬಹುದು.

ಕೈಯ ಝೇಂಕಾರ, ಚೀಲದ ಅಕ್ಷರ

ರಕ್ತದ ಡಯಾಲಿಸಿಸ್‌ಗೆ ಒಳ್ಳೆಯ ದಾರಿಯೆಂದರೆ ಫಿಸ್ಟುಲಾ. ಕೈಯಲ್ಲಿ ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಶಸ್ತ್ರಕ್ರಿಯೆಯಿಂದ ಜೋಡಿಸಿದರೆ ಎರಡು ಮೂರು ತಿಂಗಳಲ್ಲಿ ಅಭಿಧಮನಿ ಉಬ್ಬಿ ಗಟ್ಟಿಯಾಗುತ್ತದೆ. ಮೇಲೆ ಬೆರಳಿಟ್ಟರೆ ಜೇನ್ನೊಣ ಗುಂಯ್‌ಗುಡುವಂಥ ನಡುಕ ತಿಳಿಯುತ್ತದೆ. ಬೆಳಗ್ಗೆ ಎದ್ದ ಕೂಡಲೇ ಅದನ್ನು ಮುಟ್ಟಿ ನೋಡುವುದು ನಿತ್ಯದ ಅಭ್ಯಾಸವಾಗಬೇಕು. ನಡುಕ ನಿಂತಿದ್ದರೆ ಅಂದೇ ಆಸ್ಪತ್ರೆಗೆ ಓಡಬೇಕು. ಆ ಕೈಯಲ್ಲಿ ಬಿಪಿ ನೋಡಿಸಬಾರದು, ರಕ್ತ ಕೊಡಬಾರದು, ತುಂಬಿದ ಕೊಡ ಎತ್ತಬಾರದು, ಅದರ ಮೇಲೆ ಮಲಗಬಾರದು. ಇಷ್ಟು ಬಿಟ್ಟರೆ ಫಿಸ್ಟುಲಾ ಇರುವವರು ಮೈ ತುಂಬ ಸ್ನಾನ ಮಾಡಬಹುದು, ಹೊಳೆಗೂ ಇಳಿಯಬಹುದು. ಕುತ್ತಿಗೆಗೆ ಹಾಕಿದ ಕ್ಯಾಥೆಟರ್ ಮೂಲಕ ಡಯಾಲಿಸಿಸ್ ಆಗುವವರಿಗೆ ಈ ಸುಖವಿಲ್ಲ. ಅದು ಒದ್ದೆಯಾಗಬಾರದು, ಅದರಿಂದ ರಕ್ತಕ್ಕೇ ಸೋಂಕು ಇಳಿಯುವ ಭಯ ಸದಾ ಇರುತ್ತದೆ. ಆದ್ದರಿಂದ ರಕ್ತದ ಡಯಾಲಿಸಿಸ್‌ನ ಬದುಕು ಹೇಗಿರುತ್ತದೆ ಎಂದು ಕೇಳುವವರು ಫಿಸ್ಟುಲಾದಲ್ಲೋ ಕ್ಯಾಥೆಟರ್‌ನಲ್ಲೋ ಎಂಬುದನ್ನೂ ಸೇರಿಸಿ ಕೇಳಬೇಕು. ನನ್ನ ದೃಷ್ಟಿಯಲ್ಲಿ ಅವು ಎರಡು ಬೇರೆ ಬೇರೆ ಬದುಕುಗಳು.

ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಸೂಜಿ ಇಲ್ಲ. ದಿನ ಬಿಟ್ಟು ದಿನ ಎರಡು ದಪ್ಪ ಸೂಜಿಗಳಿಗೆ ಹೆದರಿ ಹಿಂದಿನ ರಾತ್ರಿ ನಿದ್ದೆಗೆಡುವವರಿಗೆ ಇದರ ಬೆಲೆ ತಿಳಿದೀತು. ಇಲ್ಲಿನ ಭಯ ಪೆರಿಟೋನೈಟಿಸ್, ಅಂದರೆ ನಳಿಕೆಯ ಮೂಲಕ ಹೊಟ್ಟೆಯೊಳಗೆ ಸೋಂಕು ಹೊಕ್ಕುವುದು. ಅಕ್ಕ ಚೀಲ ಬದಲಿಸುವಾಗ ಕೋಣೆಯ ಕಿಟಕಿ ಹಾಕಿ, ಫ್ಯಾನು ನಿಲ್ಲಿಸಿ, ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಮೊಣಕೈ ತನಕ ಸೋಪು ಹಚ್ಚಿ ತೊಳೆದು, ಒರೆಸಿದ ಕೈಯಲ್ಲಿ ಬೇರೇನನ್ನೂ ಮುಟ್ಟದೆ ನಳಿಕೆಯ ಮುಚ್ಚಳ ತೆಗೆಯುತ್ತಿದ್ದಳು. ಹೊರಬಂದ ದ್ರವದ ಚೀಲವನ್ನು ಹಳೆಯ ಪತ್ರಿಕೆಯ ಮೇಲಿಟ್ಟು ನೋಡುತ್ತಿದ್ದಳು. ತಿಳಿ ಹಳದಿಯ ಆ ನೀರಿನ ಮೂಲಕ ಅಕ್ಷರ ಓದಲು ಬಂದರೆ ಎಲ್ಲ ಸರಿ, ಅಕ್ಕಿ ತೊಳೆದ ನೀರಿನಂತೆ ಮಸುಕಾಗಿ ಹೊಟ್ಟೆ ನೋವೂ ಇದ್ದರೆ ಕೂಡಲೇ ಹೊರಡಬೇಕು. ಹೋಗುವಾಗ ಆ ಚೀಲವನ್ನೂ ಒಯ್ಯಬೇಕು, ಪರೀಕ್ಷೆಗೆ ಬೇಕಾಗುತ್ತದೆ. ಒಳ್ಳೆಯ ಕೇಂದ್ರದಲ್ಲಿ ಈ ಸೋಂಕು ಒಬ್ಬ ರೋಗಿಗೆ ವರ್ಷಕ್ಕೆ 0.4 ಸಲಕ್ಕಿಂತ ಹೆಚ್ಚಿರಬಾರದು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ, ಅಂದರೆ ಎರಡೂವರೆ ವರ್ಷಕ್ಕೊಮ್ಮೆ. ನಿಮ್ಮ ಕೇಂದ್ರದ ಅಂಕಿ ಎಷ್ಟೆಂದು ಕೇಳುವ ಹಕ್ಕು ನಿಮಗಿದೆ. ಕೆರೆ ಹೊಳೆಗಳ ಸ್ನಾನ, ತೀರ್ಥದ ಮುಳುಗು ಇವರಿಗೆ ಸಲ್ಲದು.

ಭಾರ ಯಾರ ಹೆಗಲಿಗೆ

ರೋಗಿಯ ಜೀವನದ ಗುಣಮಟ್ಟ ಅಳೆಯುವ ಪ್ರಶ್ನಾವಳಿಗಳು ಮನೆಯ ಹೆಂಗಸನ್ನು ಕೇಳುವುದು ಕಡಿಮೆ. ಹೊಟ್ಟೆಯ ಡಯಾಲಿಸಿಸ್ ರೋಗಿಯೇ ಮಾಡಿಕೊಳ್ಳಬೇಕಾದ ಚಿಕಿತ್ಸೆ, ಒಂದೆರಡು ವಾರದ ತರಬೇತಿಯಲ್ಲಿ ಕಲಿಯಬಹುದಾದದ್ದು. ಆದರೆ ನಮ್ಮ ಮನೆಗಳಲ್ಲಿ ಅದು ಹೆಂಡತಿಯ ಅಥವಾ ಸೊಸೆಯ ಕೆಲಸದ ಪಟ್ಟಿಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಅಕ್ಕ ಎಂಟು ತಿಂಗಳು ತವರಿಗೆ ಬಂದು ಒಂದು ರಾತ್ರಿ ಉಳಿಯಲಿಲ್ಲ. ಕೊನೆಗೆ ಭಾವನವರೇ ಕಲಿತರು, ಕಲಿತ ಮೇಲೆ ಅವರ ಮುಖದಲ್ಲೂ ಬೇರೆ ಕಳೆ ಬಂತು. ಕಣ್ಣು ಮಂಜಾಗಿಲ್ಲದಿದ್ದರೆ, ಕೈ ನಡುಗದಿದ್ದರೆ, ತರಬೇತಿಗೆ ಮೊದಲು ರೋಗಿಯನ್ನೇ ಕೂರಿಸಿ ಎಂಬುದು ನನ್ನ ಸಲಹೆ. ರಕ್ತದ ಡಯಾಲಿಸಿಸ್‌ನಲ್ಲಿ ಆ ಕೆಲಸವನ್ನು ದಾದಿಯರು, ತಂತ್ರಜ್ಞರು ನೋಡಿಕೊಳ್ಳುತ್ತಾರೆ. ಮನೆ ಮನೆಯಾಗಿಯೇ ಉಳಿಯುತ್ತದೆ. ಒಂಟಿಯಾಗಿರುವ ವೃದ್ಧರಿಗೆ ಕೇಂದ್ರದ ಮಂಚ, ಪಕ್ಕದ ಮಂಚದ ಮಾತು, ಅದೇ ಒಂದು ಸಂಗವಾಗುವುದನ್ನೂ ಕಂಡಿದ್ದೇನೆ.

ಜಾಗದ ಮಾತೂ ಇದೆ. ದಿನಕ್ಕೆ ಮೂರು ಚೀಲವೆಂದರೆ ತಿಂಗಳಿಗೆ ತೊಂಬತ್ತು ಚೀಲ, 180 ಲೀಟರ್. ರಟ್ಟಿನ ಪೆಟ್ಟಿಗೆಗಳು ಕೋಣೆಯ ಒಂದು ಗೋಡೆಯನ್ನೇ ಆವರಿಸುತ್ತವೆ. ಖಾಲಿ ಪ್ಲಾಸ್ಟಿಕ್ ಚೀಲಗಳನ್ನು ಕಸದ ಗಾಡಿ ಬಾರದ ಊರಿನಲ್ಲಿ ಏನು ಮಾಡುವುದೆಂಬುದು ಯಾರೂ ಮೊದಲೇ ಹೇಳದ ತೊಂದರೆ.

ಹಣದ ಲೆಕ್ಕ ನಮ್ಮಲ್ಲಿ ರಕ್ತದ ಡಯಾಲಿಸಿಸ್ ಪರವಾಗಿಯೇ ವಾಲುತ್ತದೆ. 2016ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಹೀಮೋಡಯಾಲಿಸಿಸ್ ಒದಗಿಸಲು ಹೊರಟಿತು; ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಕೇಂದ್ರಗಳಿವೆ. ಹೊಟ್ಟೆಯ ಡಯಾಲಿಸಿಸ್‌ಗೆ 2019ರಲ್ಲಿ ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದರೂ ಚೀಲಗಳ ಖರ್ಚು ಸಾಮಾನ್ಯವಾಗಿ ಕುಟುಂಬದ ಮೇಲೇ ಬೀಳುತ್ತದೆ. ಆದರೆ ಉಚಿತವೆಂಬ ಸಾಲಿನ ಪಕ್ಕದಲ್ಲಿ ವಾರಕ್ಕೆ ಮೂರು ಸಲದ ವಾಹನ, ಊಟ, ಇಬ್ಬರ ಕೂಲಿ ನಷ್ಟವನ್ನೂ ಬರೆದು ಕೂಡಿ ನೋಡಬೇಕು. ದೂರ ಹೆಚ್ಚಿದಷ್ಟೂ ಎರಡರ ಅಂತರ ಕಿರಿದಾಗುತ್ತದೆ.

ಅಧ್ಯಯನಗಳಲ್ಲಿ ಕಂಡದ್ದು

ನೆದರ್ಲೆಂಡ್ಸ್‌ನ ವೈದ್ಯರು ಒಮ್ಮೆ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪಿಗೆ ಹಂಚಿ ಹೋಲಿಸಲು ಹೊರಟರು. 2003ರಲ್ಲಿ ಪ್ರಕಟವಾದ ಆ ವರದಿಯಂತೆ, ಅರ್ಹರಾದ 773 ಜನರಲ್ಲಿ ಚೀಟಿಗೆ ಒಪ್ಪಿದವರು 38 ಮಾತ್ರ. ಉಳಿದವರು ತಮ್ಮ ಆಯ್ಕೆಯನ್ನು ಅದೃಷ್ಟಕ್ಕೆ ಬಿಡಲು ತಯಾರಿರಲಿಲ್ಲ. ಆ ಸಣ್ಣ ಗುಂಪಿನಲ್ಲಿ ಮೊದಲ ಎರಡು ವರ್ಷದ ಜೀವನದ ಗುಣಮಟ್ಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ನನಗೆ ಮಾತ್ರ ಫಲಿತಾಂಶಕ್ಕಿಂತ ಒಪ್ಪದವರ ಸಂಖ್ಯೆಯೇ ಹೆಚ್ಚು ಮಾತಾಡುವಂತೆ ಕಾಣುತ್ತದೆ. ಅಮೆರಿಕದಲ್ಲಿ 2004ರಲ್ಲಿ ಬಂದ, 656 ರೋಗಿಗಳ ಅಭಿಪ್ರಾಯ ಕೇಳಿದ ಅಧ್ಯಯನದಲ್ಲಿ ಹೊಟ್ಟೆಯ ಡಯಾಲಿಸಿಸ್‌ನವರಲ್ಲಿ ನೂರಕ್ಕೆ 85 ಮಂದಿ ತಮಗೆ ಸಿಕ್ಕ ಆರೈಕೆ ಅತ್ಯುತ್ತಮ ಎಂದರೆ, ರಕ್ತದ ಡಯಾಲಿಸಿಸ್‌ನವರಲ್ಲಿ ಹಾಗೆಂದವರು 56. ಇದನ್ನು ಎಚ್ಚರದಿಂದ ಓದಬೇಕು: ಮನೆಯಲ್ಲಿ ಮಾಡಿಕೊಳ್ಳುತ್ತೇನೆ ಎನ್ನುವವರು ಮೊದಲಿನಿಂದಲೇ ಚುರುಕಾಗಿರುವವರು, ತಾವೇ ವಿಚಾರಿಸಿ ಆರಿಸಿಕೊಂಡವರು ಆಗಿರುವುದು ಹೆಚ್ಚು.

ಯಾರಿಗೆ ಯಾವುದು ಹೊಂದದು

ಹೊಟ್ಟೆಗೆ ಹಲವು ಶಸ್ತ್ರಕ್ರಿಯೆಯಾಗಿ ಕರುಳು ಅಂಟಿಕೊಂಡಿರುವವರಿಗೆ, ಸರಿಪಡಿಸದ ಹರ್ನಿಯಾ ಇರುವವರಿಗೆ, ಸಹಾಯಕರಿಲ್ಲದ ಅಂಧರಿಗೆ ಹೊಟ್ಟೆಯ ಡಯಾಲಿಸಿಸ್ ಕಷ್ಟ. ರಕ್ತನಾಳಗಳೆಲ್ಲ ಹಾಳಾಗಿ ಫಿಸ್ಟುಲಾ ನಿಲ್ಲದವರಿಗೆ, ಸಣ್ಣ ಮಕ್ಕಳಿಗೆ ರಕ್ತದ ಡಯಾಲಿಸಿಸ್ ಕಷ್ಟ. ಪೆರಿಟೋನಿಯಂ ಪೊರೆ ವರ್ಷಗಳು ಕಳೆದಂತೆ ಬಳಲುವುದರಿಂದ ಹಲವರು ಮುಂದೆ ರಕ್ತದ ಡಯಾಲಿಸಿಸ್‌ಗೆ ಬರುತ್ತಾರೆ. ಹಾಗೆ ಬದಲಿಸುವುದನ್ನು ಸೋಲೆಂದು ತಿಳಿಯಬೇಕಿಲ್ಲ. ಕಿಡ್ನಿ ಕಸಿಗೆ ತಕ್ಕವರು ಯಾವ ಡಯಾಲಿಸಿಸ್‌ನಲ್ಲಿದ್ದರೂ ಕರ್ನಾಟಕದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಬಹುದು. ಎಂಬತ್ತು ದಾಟಿ, ಹೃದಯವೂ ನೆನಪೂ ಕುಂದಿದವರಿಗೆ ಡಯಾಲಿಸಿಸ್ ಇಲ್ಲದೆ ಔಷಧಿಯಿಂದ ತೊಂದರೆ ತಗ್ಗಿಸಿ ನೋಡಿಕೊಳ್ಳುವುದೂ ಒಂದು ಗೌರವದ ಆಯ್ಕೆ. ಅದನ್ನು ಬಾಯಿಬಿಟ್ಟು ಕೇಳಲು ಮನೆಯವರು ಹಿಂಜರಿಯಬಾರದು.

ಈ ಎಲ್ಲ ಲೆಕ್ಕಕ್ಕೂ ಬೇಕಾದದ್ದು ಸಮಯ. ಭಾವನವರಿಗೆ ಕಾಯಿಲೆ ಇದೆಯೆಂದು ಮೂರು ವರ್ಷ ಮೊದಲೇ ಗೊತ್ತಿತ್ತು; ಆದರೂ ಡಯಾಲಿಸಿಸ್ ಶುರುವಾದದ್ದು ಉಸಿರು ಕಟ್ಟಿ ರಾತ್ರೋರಾತ್ರಿ ಒಯ್ದ ಆಸ್ಪತ್ರೆಯಲ್ಲಿ, ಕುತ್ತಿಗೆಗೆ ಕ್ಯಾಥೆಟರ್ ಹಾಕಿ. ಎರಡನೆಯ ದಾರಿ ಇದೆ ಎಂದು ಅಲ್ಲಿ ಯಾರೂ ಹೇಳಲಿಲ್ಲ, ಕೇಳಬೇಕೆಂದು ನಮಗೆ ಹೊಳೆಯಲಿಲ್ಲ. ಫಿಸ್ಟುಲಾ ಪಕ್ವವಾಗಲು ಎರಡು ಮೂರು ತಿಂಗಳು ಬೇಕು, ಹೊಟ್ಟೆಯ ನಳಿಕೆ ಗಾಯ ಮಾಯಲು ಸುಮಾರು ಎರಡು ವಾರ ಬೇಕು. ರಕ್ತ ಪರೀಕ್ಷೆಯ ವರದಿಯಲ್ಲಿ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಹೇಳುವ ಅಂಕಿ, 20ರ ಆಸುಪಾಸಿಗೆ ಇಳಿದಾಗಲೇ ಕಿಡ್ನಿ ತಜ್ಞರಾದ ನೆಫ್ರಾಲಜಿಸ್ಟ್ ಮುಂದೆ ಈ ಮಾತು ತೆಗೆಯಿರಿ. ಅಲ್ಲಿಯವರೆಗೆ ಬಲಗೈ ಬಳಸುವವರು ಮುಂದೆ ಫಿಸ್ಟುಲಾಕ್ಕೆ ಬೇಕಾಗಬಹುದಾದ ಎಡಗೈಯ ರಕ್ತನಾಳಗಳಿಗೆ ಸೂಜಿ ತಾಗದಂತೆ ಕಾಪಾಡಿಕೊಳ್ಳಿ. ರಕ್ತ ತೆಗೆಯಲು ಬಂದವರಿಗೆ ಬಲ ಅಂಗೈಯ ಹಿಂಬದಿಯನ್ನು ತೋರಿಸಿ.